ಹುಣಸೇಸಾಲಿನ ವ್ಯಾಪಾರ

ನಿವೃತ್ತನಾಗುವವರೆಗೆ ನನ್ನನ್ನು ಯಾರೂ ತಜ್ಞ ಎಂದು ಕರೆದಿರಲಿಲ್ಲ. ನಗರ ಯೋಜನೆಯ ಇಲಾಖೆಯಲ್ಲಿ ಇದ್ದಷ್ಟು ದಿನವೂ ‘ರೀ ಶಿವರುದ್ರಸ್ವಾಮಿ, ಆ ನಕ್ಷೆ ಎಲ್ಲ್ರೀ’ ಎಂದೇ ಕೂಗುತ್ತಿದ್ದರು. ಪಿಂಚಣಿಯೂ ಮಂಡಿನೋವೂ ಒಟ್ಟಿಗೆ ಶುರುವಾದ ಮೇಲೆ ಇದ್ದಕ್ಕಿದ್ದಂತೆ ತಜ್ಞನಾದೆ. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ ಎಂದ ಮೇಲೆ ಹೊಸ ಕಚೇರಿ, ಹೊಸ ಕುರ್ಚಿ, ಹೊಸ ಸಮಿತಿ. ಅಂಥದೊಂದು ಅಭಿವೃದ್ಧಿ ಸಮಿತಿಯವರು ಮೈಸೂರಿನಿಂದ ನನ್ನನ್ನು ಕರೆಸಿಕೊಂಡು, ಗುಂಡ್ಲುಪೇಟೆಯ ಹೊರಗೆ ಕೇರಳದ ರಸ್ತೆಯಲ್ಲಿರುವ ಹುಣಸೇಸಾಲು ಎಂಬ ಅಂಗಡಿಬೀದಿಯನ್ನು ಏನು ಮಾಡಬಹುದು ಎಂದು ಸಲಹೆ ಕೇಳಿದರು.

ಕೇಳಿದವರ ಮೇಜಿನ ಮೇಲೆ ಆಗಲೇ ಒಂದು ನಕ್ಷೆ ಹರಡಿಕೊಂಡಿತ್ತು. ಮೂರು ಅಂತಸ್ತಿನ ವಾಣಿಜ್ಯ ಸಂಕೀರ್ಣ, ಅದರ ಮುಂದೆ ಕಾರಂಜಿ, ಕಾರಂಜಿಯ ಪಕ್ಕ ಕೊಡೆ ಹಿಡಿದು ನಿಂತ ಒಬ್ಬ ಹೆಂಗಸು. ಜನ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಊರಿಗೆ ಕಾರಂಜಿ. ವಯಸ್ಸಿನಲ್ಲಿದ್ದಾಗ ಇಂಥದ್ದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು, ಈಗ ಸುಸ್ತಾಗುತ್ತದೆ.

‘ನಿಮ್ಮ ಅಭಿಪ್ರಾಯವೊಂದು ಬಂದುಬಿಟ್ಟರೆ ಮುಂದಿನದೆಲ್ಲ ಸಲೀಸು’ ಎಂದರು ಅಧ್ಯಕ್ಷರು. ನಕ್ಷೆಯ ಕೆಳಗೆ ನನ್ನ ರುಜು ಬೇಕು ಎಂದು ಅದರ ಅರ್ಥ. ಆದರೆ ಅವರಿಗೂ ಒಂದು ಕಟ್ಟುಪಾಡಿತ್ತು. ವ್ಯಾಪಾರ ಸತ್ತುಹೋದ ರಸ್ತೆಯನ್ನು ಕೆಡವಿ ಕಟ್ಟಬಹುದು. ನಡೆಯುತ್ತಿರುವ ರಸ್ತೆಯನ್ನು ಇದ್ದ ಜಾಗದಲ್ಲೇ ದುರಸ್ತಿ ಮಾಡಬೇಕು. ಹುಣಸೇಸಾಲು ಸತ್ತಿದೆಯೋ ಬದುಕಿದೆಯೋ ಎಂದು ನಾಡಿ ಹಿಡಿದು ಹೇಳುವುದಷ್ಟೇ ನನ್ನ ಪಾಲಿನ ಕೆಲಸ.

ಜೀಪಿನಲ್ಲಿ ಜೊತೆಗೆ ಬಂದವನು ಸಮಿತಿಯ ಎಂಜಿನಿಯರ್ ಸುನೀಲ್ ಕುಮಾರ್. ತುಮಕೂರಿನ ಕಡೆಯವನು. ಚುರುಕು, ಪ್ರಾಮಾಣಿಕ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವವನು. ಇಂಥವರಿಂದ ಆಗುವ ಅನಾಹುತ ಕಳ್ಳರಿಂದ ಆಗುವುದಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ತೆರಕಣಾಂಬಿ ದಾಟುವವರೆಗೂ ಅವನು ಕಾರಂಜಿಯ ಪಂಪಿನ ವಿಷಯ ಹೇಳುತ್ತಿದ್ದ. ನಾನು ಮಂಡಿ ನೀವಿಕೊಳ್ಳುತ್ತಾ ಹೂಂಗುಟ್ಟುತ್ತಿದ್ದೆ.

ಹುಣಸೇಸಾಲು ನೋಡಲು ಏನೂ ಚೆಂದವಿರಲಿಲ್ಲ. ರಸ್ತೆಯ ಒಂದು ಮಗ್ಗುಲಿಗೆ ಹಳೆಯ ಹುಣಸೇಮರಗಳು, ಅವುಗಳ ಹಿಂದೆ ತಗಡು ಮತ್ತು ನಾಡಹೆಂಚಿನ ಅಂಗಡಿಗಳು. ಹಗ್ಗದ ಅಂಗಡಿ, ಪಂಕ್ಚರ್ ಅಂಗಡಿ, ಗೋಣಿಚೀಲದ ಗೋದಾಮು, ಟೀ ಅಂಗಡಿ, ಈರುಳ್ಳಿ ಮಂಡಿ. ಚರಂಡಿ ತುಂಬಿ ಮಣ್ಣಾಗಿತ್ತು. ಒಂದು ದೀಪದ ಕಂಬ ಇಲ್ಲ, ಹೆಂಗಸರು ಹೋಗಲು ಒಂದು ಕಕ್ಕಸು ಇಲ್ಲ. ಮಾಡು ಸೋರದ ಅಂಗಡಿ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಅಂಗಡಿಗಳಿಗೂ ರಸ್ತೆಗೂ ನಡುವೆ ಅಗಲವಾದ ಮಣ್ಣಿನ ಅಂಗಳವಿತ್ತು. ತರಕಾರಿ, ಈರುಳ್ಳಿ ಹೇರಿಕೊಂಡು ಕೇರಳಕ್ಕೆ ಹೋಗುವ ಲಾರಿಗಳು ರಸ್ತೆ ಬಿಟ್ಟು ಒಳಗೆ ಬಂದು ಆ ಅಂಗಳದಲ್ಲೇ ನಿಲ್ಲುತ್ತಿದ್ದವು. ಕಾಡು ದಾಟಿದರೆ ಆಚೆ ಮಳೆ. ಮಳೆಗೆ ಮೊದಲು ಹಗ್ಗ ಬಿಗಿಯಬೇಕು, ಟಾರ್ಪಾಲು ಹೊದಿಸಬೇಕು, ಚಕ್ರ ನೋಡಿಕೊಳ್ಳಬೇಕು, ಒಂದು ಟೀ ಕುಡಿಯಬೇಕು. ಆ ಅಂಗಳವೇ ಈ ರಸ್ತೆಯ ಜೀವ ಎಂದು ಜೀಪಿನಿಂದ ಇಳಿಯುವಾಗಲೇ ನನಗೆ ಹೊಳೆಯಿತು. ನಕ್ಷೆಯಲ್ಲಿ ಕಾರಂಜಿ ಬರುವುದೂ ಅಲ್ಲೇ.

ಸುನೀಲ್ ಕುಮಾರ್ ಮೊದಲು ಟೀ ಅಂಗಡಿಯ ಸಿದ್ದಯ್ಯನನ್ನು ಕೇಳಿದ. ‘ವ್ಯಾಪಾರ ಹೇಗಿದೆ ಯಜಮಾನ್ರೇ?’

‘ಎಲ್ಲದ ಸಾ ವ್ಯಾಪಾರ? ಬೆಳಗ್ನಿಂದ ನೊಣ ಒಡೀತಾ ಕುಂತಿವ್ನಿ.’

ಇದನ್ನು ಹೇಳುವಾಗ ಸಿದ್ದಯ್ಯನ ಎರಡು ಕೈಯಲ್ಲೂ ಟೀ ಲೋಟಗಳಿದ್ದವು. ಹಿಂದಿನಿಂದ ಒಬ್ಬ ಡ್ರೈವರ್ ಮಲಯಾಳದಲ್ಲಿ ಇನ್ನೂ ಎರಡು ಬೇಕೆಂದು ಕೂಗುತ್ತಿದ್ದ. ಬೋಂಡದ ಬಾಣಲೆ ಚೊಂಯ್ ಎನ್ನುತ್ತಿತ್ತು. ಸುನೀಲ್ ಕುಮಾರ್ ‘ವ್ಯಾಪಾರ ಇಲ್ಲ’ ಎಂದು ಬರೆದುಕೊಂಡ.

ಹಗ್ಗದ ಅಂಗಡಿಯ ಮೂಗಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ‘ದೀಪಾವಳಿಗೆ ಬಾಗ್ಲಾಕ್ಬುಡ್ತೀನಿ ಸಾ. ನಮ್ ಕಾಲ ಮುಗೀತು’ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವನ ಆಳು ಆಗತಾನೇ ಬಂದ ಹಗ್ಗದ ಹೊರೆಗಳನ್ನು ಇಡಲು ಜಾಗವಿಲ್ಲದೆ ಬಾಗಿಲಲ್ಲೇ ಒಟ್ಟುತ್ತಿದ್ದ. ಮಂಡಿಯವರು, ಪಂಕ್ಚರಿನವರು, ಗೋಣಿಚೀಲದವರು ಎಲ್ಲರ ಬಾಯಲ್ಲೂ ಅದೇ ನೊಣ. ಸಾಲು ಮುಗಿಯುವ ಹೊತ್ತಿಗೆ ಹುಣಸೇಸಾಲು ಸತ್ತು ತಿಥಿಯೂ ಆಗಿಹೋಗಿತ್ತು.

ನನಗೆ ಆಶ್ಚರ್ಯವಾಗಲಿಲ್ಲ. ನಮ್ಮವ್ವ ಶಾಂತಮಲ್ಲಮ್ಮ ಚಂದಕವಾಡಿಯಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡು ನನ್ನನ್ನು ಓದಿಸಿದವಳು. ಒಂದು ದಿನವಾದರೂ ಅವಳ ಬಾಯಿಂದ ವ್ಯಾಪಾರ ಚೆನ್ನಾಗಿದೆ ಎಂಬ ಮಾತು ಬಂದದ್ದಿಲ್ಲ. ಮಾತು ಆಡಿದರೆ ಕಣ್ಣು ಬೀಳುತ್ತದೆ. ಕಣ್ಣು ಬಿದ್ದರೆ ಮಾರನೆಯ ದಿನ ಗಿರಾಕಿ ಬರುವುದಿಲ್ಲ. ನೆಂಟರು ಕೈ ಚಾಚುತ್ತಾರೆ, ಪಕ್ಕದವರ ಹೊಟ್ಟೆ ಉರಿಯುತ್ತದೆ, ದೇವರಿಗೂ ಇವಳಿಗೆ ಕೊಟ್ಟಿದ್ದು ಹೆಚ್ಚಾಯಿತೇನೋ ಅನ್ನಿಸಬಹುದು. ಈ ಸೀಮೆಯಲ್ಲಿ ಅಂಗಡಿ ಇಟ್ಟವರೆಲ್ಲ ಹಾಗೆಯೇ. ಕೇಳುವವರಿಗೂ ಅದು ಗೊತ್ತು, ಆದ್ದರಿಂದ ಸುಳ್ಳು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಗೊತ್ತಿಲ್ಲದೆ ಇದ್ದದ್ದು ಸುನೀಲ್ ಕುಮಾರನಿಗೆ ಒಬ್ಬನಿಗೇ.

‘ಇವರ ಬಾಯಿ ನಂಬಬೇಡಿ, ಅಂಗಳ ನೋಡಿ’ ಎಂದೆ.

‘ಅಂಗಡಿಯವರೇ ಇಲ್ಲ ಅಂದರೆ ನಾನು ಇದೆ ಅಂತ ಹೇಗೆ ಸಾರ್ ಬರೀಲಿ?’ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನಾನು ಸಿದ್ದಯ್ಯನ ಹತ್ತಿರ ಹೋಗಿ, ನಾವು ತೆರಿಗೆಯವರಲ್ಲ, ನಿಜ ಹೇಳಿದರೆ ನಿಮಗೇ ಒಳ್ಳೆಯದು, ವ್ಯಾಪಾರ ಇಲ್ಲ ಎಂದರೆ ಅಂಗಡಿ ಕೆಡವುತ್ತಾರೆ ಎಂದು ಬಿಡಿಸಿ ಹೇಳಿದೆ. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ.

‘ತೆರಿಗೆಯವ್ರೂ ಇಂಗೇ ಯೋಳ್ಕಂಡು ಬರದು ಬುದ್ದಿ’ ಎಂದ. ‘ಅಲ್ದೆ, ಚೆನ್ನಾಗದ ಅಂದ್ರೆ ಸರ್ಕಾರ ಯಾಕ ಕೊಟ್ಟದು? ಅಳೋರ್ಗ ತಾನೆ ಕೊಡದು?’

ಸರ್ಕಾರ ಕೊಡುವುದು ಹಾಗೆಯೇ. ಸರ್ಕಾರದಲ್ಲೇ ಇದ್ದು ಬಂದವನು ನಾನು.

ಸಾಲಿನ ಕೊನೆಯಲ್ಲಿ, ದೊಡ್ಡ ಮರದ ಕೆಳಗೆ ನೀಲಾವತಿಯ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಕೋಣೆ ಮತ್ತು ಅದರ ಮುಂದಿನ ಅಂಗಳ. ಹರಿದ ಟಾರ್ಪಾಲುಗಳನ್ನು ನೆಲದ ಮೇಲೆ ಹರಡಿ, ಅದರ ಮೇಲೆಯೇ ಕೂತು, ದಬ್ಬಣ ಹಿಡಿದು ತೇಪೆ ಹಾಕುವ ಕೆಲಸ. ಗಂಡ ಶಿವಸ್ವಾಮಿ ತೀರಿಕೊಂಡ ಮೇಲೆ ಅವನ ಕೆಲಸವನ್ನು ಇವಳೇ ಹಿಡಿದಿದ್ದಳು. ಸುನೀಲ್ ಕುಮಾರನಿಗೆ ಇವಳೂ ‘ಏನಿಲ್ಲ ಸಾ’ ಎಂದಳು. ಅವನು ಬರೆದುಕೊಂಡು, ಟೇಪು ಹಿಡಿದು ಚರಂಡಿ ಅಳೆಯಲು ಹೋದ. ನನ್ನ ಮಂಡಿ ಮುಂದಕ್ಕೆ ಒಪ್ಪಲಿಲ್ಲ. ಅಲ್ಲೇ ಒಂದು ಸುತ್ತಿಟ್ಟ ಟಾರ್ಪಾಲಿನ ಮೇಲೆ ಕೂತೆ.

ಒಂದು ಲಾರಿ ಬಂದು ನಿಂತಿತು. ಡ್ರೈವರ್ ಅವಳನ್ನು ‘ಚೇಚಿ’, ಅಂದರೆ ಅಕ್ಕ, ಎಂದು ಕರೆದು ತನ್ನ ಟಾರ್ಪಾಲನ್ನು ಅವಳ ಮುಂದೆ ಎಸೆದ. ಹಿಂದೆಯೇ ಇನ್ನೊಂದು ಲಾರಿ. ನೀಲಾವತಿ ನನ್ನ ಕಡೆ ನೋಡಿದಳು, ನಾನು ಮರದ ಕಡೆ ನೋಡಿದೆ. ಕೊನೆಗೆ ಅವಳಿಗೇ ನಗು ಬಂತು.

‘ನೀವು ಈ ಕಡೆಯೋರಾ ಸಾ?’

‘ಚಂದಕವಾಡಿ. ನಮ್ಮವ್ವಂದೂ ಅಂಗಡಿ ಇತ್ತು.’

‘ಅಂಗಾದ್ರೆ ನಿಮ್ಗ ಬಚ್ಚುಡದೇನ’ ಎಂದು ಅವಳು ದಬ್ಬಣಕ್ಕೆ ದಾರ ಪೋಣಿಸಿದಳು. ಆಮೇಲೆ, ತಲೆ ಎತ್ತದೆ, ಮೆಲ್ಲನೆ ಹೇಳಿದಳು. ವ್ಯಾಪಾರ ಚೆನ್ನಾಗಿಯೇ ಇದೆ. ಮಳೆಗಾಲದಲ್ಲಿ ಊಟಕ್ಕೂ ಬಿಡುವಿಲ್ಲ. ಊರ ಕಡೆಯಿಂದ ಇಬ್ಬರು ಹೆಂಗಸರು ಬಂದು ಜೊತೆಗೆ ಹೊಲಿಯುತ್ತಾರೆ. ಮಗಳು ಮಾನಸ ಚಾಮರಾಜನಗರದ ಹಾಸ್ಟೆಲಿನಲ್ಲಿ ಇದ್ದುಕೊಂಡು ಓದುತ್ತಿದ್ದಾಳೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ಆದರೆ ಇದು ಹೊರಗೆ ಬರಕೂಡದು. ಕಣ್ಣು ಬೀಳುತ್ತದೆ ಎಂದಲ್ಲ. ಅಂಗಡಿಯ ಜಾಗ, ಲೈಸೆನ್ಸು ಎರಡೂ ಗಂಡನ ಅಣ್ಣ ಚೆಲುವಯ್ಯನ ಹೆಸರಿನಲ್ಲಿವೆ. ಚೆಲುವಯ್ಯ ಪುಣಜನೂರಿನಲ್ಲಿ ಜಮೀನು ನೋಡಿಕೊಂಡಿದ್ದಾನೆ. ತಮ್ಮ ಸತ್ತಾಗ, ‘ಅದ್ರಲ್ ಏನು ದುಡ್ಡು ಉಟ್ಟದು, ಗಂಜಿ ಕುಡ್ಕಂಡಿರು’ ಎಂದು ಇವಳನ್ನು ಅಲ್ಲಿ ಕೂರಲು ಬಿಟ್ಟಿದ್ದ.

‘ಉಟ್ತದ ಅಂತ ಗೊತ್ತಾದ್ರೆ ಅವತ್ತೇ ಅವ್ರ ಮಗನ್ನ ತಂದು ಕೂರುಸ್ತಾರೆ ಸಾ. ಆ ಐದ ಕೆಲ್ಸ ಇಲ್ದೆ ಅಲೀತಾವ್ನ. ನಾನು ಮಾನಸನ್ನ ಕರ್ಕಂಡು ಊರ್ಗೋಗಿ ಅವ್ರ ದನ ನೋಡ್ಬೇಕು.’

ಬಾವ ವರ್ಷಕ್ಕೆ ನಾಲ್ಕೈದು ಸಲ ಬರುತ್ತಾನಂತೆ. ಬಸ್ಸು ಇಳಿಯುವುದು ಕಂಡ ಕೂಡಲೇ ಸಿದ್ದಯ್ಯ ಸುದ್ದಿ ಕಳಿಸುತ್ತಾನೆ. ಹೊಲಿಗೆಗೆ ಬಂದ ಟಾರ್ಪಾಲುಗಳು ಮೂಗಯ್ಯನ ಹಗ್ಗದ ಹಿಂದೆ ಹೋಗಿ ಕೂರುತ್ತವೆ. ಇಬ್ಬರು ಹೆಂಗಸರು ಮಂಡಿಯಲ್ಲಿ ಈರುಳ್ಳಿ ಆರಿಸುವವರ ಜೊತೆ ಸೇರಿಕೊಳ್ಳುತ್ತಾರೆ. ನೀಲಾವತಿ ಬಣ್ಣ ಹೋದ ಸೀರೆ ಉಟ್ಟು, ಒಂದೇ ಒಂದು ಹಳೆಯ ಟಾರ್ಪಾಲಿನ ಮುಂದೆ ಕೆನ್ನೆಗೆ ಕೈಯಿಟ್ಟು ಕೂರುತ್ತಾಳೆ. ಬಾವ ಟೀ ಕುಡಿದು, ಪಾಪ ಎಂದು, ಒಂದೊಂದು ಸಲ ಅವಳ ಕೈಗೇ ಹತ್ತು ರೂಪಾಯಿ ಇಟ್ಟು ಹೋಗುತ್ತಾನೆ. ಬೀದಿಗೆ ಬೀದಿಯೇ ಸೇರಿಕೊಂಡು ಇವಳನ್ನು ಬಡವಿಯಾಗಿ ಇಟ್ಟಿತ್ತು. ಇದನ್ನು ಕೇಳಿ ಎಷ್ಟೋ ದಿನಗಳ ಮೇಲೆ ನಾನು ಬಾಯಿತುಂಬ ನಕ್ಕೆ. ಈ ಜನರ ಮೇಲೆ ನನಗೆ ಪ್ರೀತಿ ಬಂತು, ಅದನ್ನು ಬಚ್ಚಿಡುವುದೇಕೆ.

ಮೈಸೂರಿಗೆ ವಾಪಸು ಬಂದು ನನ್ನ ಅಭಿಪ್ರಾಯ ಬರೆದೆ. ಹುಣಸೇಸಾಲು ಬದುಕಿದೆ, ಕೆಡವಬೇಡಿ. ಅಂಗಳ ಮುಟ್ಟಬೇಡಿ, ಲಾರಿ ನಿಲ್ಲುವ ಜಾಗ ಹೋದರೆ ಲಾರಿಯೂ ಹೋಗುತ್ತದೆ, ಮೂರು ಅಂತಸ್ತು ಕಟ್ಟಿ ಕಾದರೂ ಅದು ತಿರುಗಿ ಬರುವುದಿಲ್ಲ. ಟಾರ್ಪಾಲನ್ನು ಮಹಡಿಯ ಮೇಲೆ ಯಾರೂ ಹೊಲಿಯುವುದಿಲ್ಲ. ಚರಂಡಿ ಬಿಡಿಸಿ, ಮಾಡು ಬದಲಿಸಲು ಅಂಗಡಿಯವರಿಗೆ ಸಾಲ ಕೊಡಿಸಿ, ದೀಪ ಹಾಕಿ, ಕಕ್ಕಸು ಕಟ್ಟಿ. ಲಾರಿ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ದಾರಿ ಮಾಡಿ. ಮರ ಕಡಿಯಬೇಡಿ. ಇಷ್ಟೇ. ಇಷ್ಟು ಸಣ್ಣ ಸಲಹೆಗೆ ಇಷ್ಟು ದೊಡ್ಡ ಸಮಿತಿ ಬೇಕಿರಲಿಲ್ಲ ಎಂಬುದೇ ಅದರ ದೋಷ. ನೀಲಾವತಿಯ ಹೆಸರನ್ನಾಗಲಿ ಅವಳು ಹೇಳಿದ್ದನ್ನಾಗಲಿ ಎಲ್ಲೂ ಬರೆಯಲಿಲ್ಲ.

ಅಧ್ಯಕ್ಷರು ನನ್ನನ್ನು ಮತ್ತೆ ಕರೆಸಿದರು. ಕಾಫಿ ಕೊಟ್ಟರು.

‘ನೀವು ವ್ಯಾಪಾರ ಇದೆ ಅಂತೀರಿ. ಸುನೀಲ್ ಕೇಳಿಕೊಂಡು ಬಂದದ್ದರಲ್ಲಿ ಒಬ್ಬರೂ ಇದೆ ಅಂದಿಲ್ಲ. ನಾನು ಯಾರನ್ನು ನಂಬಲಿ ಹೇಳಿ? ತಜ್ಞರು ಅಂದ ಮಾತ್ರಕ್ಕೆ ಜನ ಹೇಳಿದ್ದನ್ನು ತಳ್ಳಿಹಾಕೋಕಾಗುತ್ತಾ?’

ನಾನು ದೃಷ್ಟಿಯ ವಿಷಯ ಹೇಳಹೊರಟೆ. ನಡುವಿನಲ್ಲೇ ಅದು ಎಷ್ಟು ಪೆದ್ದಾಗಿ ಕೇಳುತ್ತಿದೆ ಎಂದು ನನಗೇ ಗೊತ್ತಾಗಿ ನಿಲ್ಲಿಸಿದೆ. ಅವರು ಕೆಟ್ಟವರಲ್ಲ. ‘ಒಂದು ಕೆಲಸ ಮಾಡೋಣ, ಅಲ್ಲೇ ಒಂದು ಸಭೆ ಕರೆಯೋಣ. ಲೈಸೆನ್ಸ್ ಇರೋರಿಗೆಲ್ಲ ನೋಟಿಸ್ ಹೋಗಲಿ. ನಾಲ್ಕು ಜನ ಎದ್ದು ನಿಂತು ನಮ್ಮ ವ್ಯಾಪಾರ ನಡೀತಿದೆ ಅನ್ನಲಿ. ನಕ್ಷೆ ಮಡಚಿ ಇಡ್ತೀನಿ’ ಎಂದರು. ಮಾತಿಗೆ ತಪ್ಪುವವರಂತೆ ಕಾಣಲಿಲ್ಲ.

ಸಭೆಯ ಹಿಂದಿನ ದಿನವೇ ಗುಂಡ್ಲುಪೇಟೆಗೆ ಹೋಗಿ ಉಳಿದೆ. ಮಂಡಿ ಎಳೆದುಕೊಂಡು ಅಂಗಡಿ ಅಂಗಡಿ ಹತ್ತಿ ಇಳಿದೆ. ನಾಳೆ ಒಂದೇ ಒಂದು ಮಾತು ಹೇಳಿ, ಲೆಕ್ಕ ಬೇಡ, ಲಾಭ ಎಷ್ಟು ಎಂದು ಬೇಡ, ನಡೀತಿದೆ ಅಂದರೆ ಸಾಕು ಎಂದು ಎಲ್ಲರಿಗೂ ಕೈ ಮುಗಿದೆ. ಕಾರಂಜಿ ಎಲ್ಲಿ ಬರುತ್ತದೆ ಎಂದು ಅಂಗಳದಲ್ಲಿ ನಿಂತು ತೋರಿಸಿದೆ. ಸಿದ್ದಯ್ಯನಿಗೆ ಗಾಬರಿಯಾಯಿತು. ‘ಅಯ್ಯೋ, ಅಂಗಾದ್ರೆ ಯೋಳ್ದೆ ಇದ್ದದಾ ಬುದ್ದಿ! ನಾಳ ನಾನೇ ಮೊದ್ಲು ಎದ್ದೇಳ್ತೀನಿ ಬುಡಿ’ ಎಂದ. ಮೂಗಯ್ಯನೂ ತಲೆಯಾಡಿಸಿದ. ಎಲ್ಲರೂ ತಲೆಯಾಡಿಸಿದರು.

ನೀಲಾವತಿಗೆ ಮಾತ್ರ ಬೇರೆ ಹೇಳಿದೆ. ‘ನೀನು ಬರಬೇಡಮ್ಮ. ನೋಟಿಸು ಲೈಸೆನ್ಸು ಇದ್ದವರಿಗೆ ಹೋಗಿದೆ. ನಿನ್ನ ಬಾವ ಬಂದರೂ ಬರಬಹುದು. ಉಳಿದವರು ಹೇಳಿದರೆ ಸಾಕು.’

‘ಅವ್ರು ಯೋಳಿದ್ರೆ ಸಾಕು ಸಾ’ ಎಂದಳು. ಅವಳ ದನಿಯಲ್ಲಿ ನನಗಿದ್ದಷ್ಟು ನಂಬಿಕೆ ಇರಲಿಲ್ಲ.

ಸಭೆ ಈರುಳ್ಳಿ ಮಂಡಿಯಲ್ಲಿ ನಡೆಯಿತು. ಚೀಲಗಳನ್ನು ಒತ್ತರಿಸಿ ಕುರ್ಚಿ ಹಾಕಿದ್ದರು. ಎಲ್ಲರ ಕಣ್ಣಲ್ಲೂ ಈರುಳ್ಳಿಯ ನೀರು, ನೋಡಿದವರಿಗೆ ಬಹಳ ದುಃಖದ ಸಭೆ ಎನ್ನಿಸಬೇಕು. ಮುಂದಿನ ಸಾಲಿನಲ್ಲಿ ಬಿಳಿ ಪಂಚೆ, ತೋಳು ಮಡಿಸಿದ ಅಂಗಿಯ ದೊಡ್ಡ ಆಳೊಬ್ಬ ನೋಟಿಸನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ಅವನೇ ಚೆಲುವಯ್ಯ ಎಂದು ಯಾರೋ ಹೇಳಿದರು. ನೀಲಾವತಿಯೂ ಬಂದಿದ್ದಳು. ಹಿಂದೆ ತಕ್ಕಡಿಯ ಪಕ್ಕ, ಬಣ್ಣ ಹೋದ ಸೀರೆಯಲ್ಲಿ ನಿಂತಿದ್ದಳು. ಬಾವ ಬಂದ ಮೇಲೆ ಬರದೆ ಇರುವುದೂ ಕಷ್ಟವೇ.

ಅಧ್ಯಕ್ಷರು ಸುತ್ತುಬಳಸಲಿಲ್ಲ. ‘ನಿಮ್ಮ ರಸ್ತೆಯಲ್ಲಿ ವ್ಯಾಪಾರ ನಡೆಯುತ್ತಿದ್ದರೆ ಹೇಳಿ. ಇದನ್ನು ಕೆಡವೋದಿಲ್ಲ, ರಿಪೇರಿ ಮಾಡಿಸಿಕೊಡ್ತೀವಿ. ಯಾರ ವ್ಯಾಪಾರ ನಡೀತಿದೆ?’

ಸಿದ್ದಯ್ಯ ಕೊಟ್ಟ ಮಾತಿನಂತೆ ಮೊದಲು ಎದ್ದ. ಹೆಗಲ ಮೇಲಿನ ಟವೆಲು ತೆಗೆದು ಕೈಗೆ ಸುತ್ತಿಕೊಂಡ. ‘ಏನೋ… ಅಂಗೂ ಇಂಗೂ… ನಡೀ…’ ಎಂದ. ಅಷ್ಟಕ್ಕೆ ಇಡೀ ಮಂಡಿ ಅವನ ಕಡೆ ತಿರುಗಿತು. ಪಂಕ್ಚರಿನವನು ನೋಡಿದ, ಮೂಗಯ್ಯ ನೋಡಿದ, ಚೀಟಿ ದುಡ್ಡು ಕೇಳಿ ಇಲ್ಲವೆನ್ನಿಸಿಕೊಂಡಿದ್ದ ಷಡ್ಡಕ ಯಾರೋ ನೋಡಿದ. ಸಿದ್ದಯ್ಯನ ಮುಖ ಬೆವರಿತು. ‘ನಡೀತಿತ್ತು ಸಾ, ಮೊದ್ಲು. ಈಗೆಲ್ಲದ’ ಎಂದು ಕೂತುಬಿಟ್ಟ.

ಮೂಗಯ್ಯನನ್ನು ಕೇಳಿದರು. ದೀಪಾವಳಿಗೆ ಬಾಗಿಲು ಹಾಕುತ್ತೇನೆ ಎಂದ. ಮಂಡಿಯ ಯಜಮಾನ, ತನ್ನದೇ ಚೀಲಗಳ ರಾಶಿಗೆ ಒರಗಿಕೊಂಡು, ಚೀಲವೇ ಬರುತ್ತಿಲ್ಲ ಎಂದ. ನಾನು ಒಬ್ಬೊಬ್ಬರ ಮುಖವನ್ನೂ ಹುಡುಕಿದೆ. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಇವರು ನನಗೆ ಮೋಸ ಮಾಡುತ್ತಿರಲಿಲ್ಲ. ನಿನ್ನೆ ತಲೆಯಾಡಿಸಿದ್ದೂ ನಿಜವೇ. ಆ ಮಾತು ಬಾಯಿಂದ ಆಚೆಗೆ ಬರುತ್ತಿರಲಿಲ್ಲ, ಅಷ್ಟೇ. ಪಕ್ಕದವನು ಹೇಳಲಿ, ಅವನ ಮರೆಯಲ್ಲಿ ನಾನು ಸುಮ್ಮನಿದ್ದು ಉಳಿದುಕೊಳ್ಳುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು. ನನಗೆ ಎದ್ದು ಹೋಗಿ ಎಲ್ಲಾದರೂ ಮಲಗಿಬಿಡೋಣ ಅನ್ನಿಸಿತು.

‘ಮತ್ತೆ ಯಾರೂ ಇಲ್ಲವಾ?’ ಎಂದು ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು.

‘ನಂದು ನಡೀತದ ಸಾ.’

ತಕ್ಕಡಿಯ ಪಕ್ಕದಿಂದ ಬಂದ ದನಿ. ದೊಡ್ಡದೇನಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ಚೆಲುವಯ್ಯ ಕೂತಲ್ಲೇ ಹಿಂದಕ್ಕೆ ತಿರುಗಿದ.

‘ಟಾರ್ಪಾಲು ಒಲಿಯದು ನಂದು’ ಎಂದಳು ನೀಲಾವತಿ. ‘ಚೆನ್ನಾಗಿ ನಡೀತದ. ಮಳೆ ಇಡುದ್ರೆ ಇಬ್ರು ಆಳು ಇಟ್ಕತೀನಿ. ಮಗ್ಳ ಓದುಸ್ತಾ ಇರದು ಅದ್ರಲ್ಲೇ. ಲಾರಿ ನಿಂತ್ಕಳಾಕ ಜಾಗ ಇರದ್ರಿಂದ ನಡೀತದ. ಜಾಗ ತೆಗೆದ್ರೆ ನಡೆಯಲ್ಲ. ಅಷ್ಟೇಯ ಸಾ.’

ನನಗೆ ಸಂತೋಷವಾಯಿತು. ಅದು ಎಂಥ ಸಂತೋಷ ಎಂದು ಮರುಕ್ಷಣವೇ ಗೊತ್ತಾಯಿತು. ಅವಳು ಕೊಟ್ಟದ್ದು ತನ್ನ ಅಂಗಡಿಯನ್ನು. ಬಾವನ ಎದುರಿಗೆ, ಬಾಯಿಬಿಟ್ಟು, ನನ್ನ ವರದಿಗಾಗಿ ಎಂದು ಹೇಳಿದರೂ ತಪ್ಪಿಲ್ಲ.

ಅಧ್ಯಕ್ಷರು ನೆಟ್ಟಗೆ ಕೂತರು. ‘ನೋಡಿ, ಈ ಹೆಣ್ಣುಮಗಳು ಧೈರ್ಯವಾಗಿ ಹೇಳಿದರು. ಉಳಿದವರು? ಇವರ ಹಾಗೇ ನಿಮ್ಮದೂ ನಡೀತಿದೆಯಾ?’

ಈಗ ಹೇಳುತ್ತಾರೆ ಎಂದುಕೊಂಡೆ. ದಾರಿ ಬಿಟ್ಟಿದ್ದಾಳೆ, ಇನ್ನು ಇವರು ಹೇಳದೆ ಇರುವುದಕ್ಕೆ ಕಾರಣವೇ ಇಲ್ಲ. ಸಿದ್ದಯ್ಯ ಮತ್ತೆ ಎದ್ದು ನಿಂತ. ಟವೆಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಿದ್ದ.

‘ಆವಮ್ಮಂದು ನಡೀತದ ಸಾ’ ಎಂದ. ‘ನಮ್ದೆಲ್ಲ ನೊಣ ಒಡಿಯದೇಯ.’

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಎಷ್ಟು ನಿರಾಳವಾಗಿ ತಲೆಯಾಡಿಸಿದರೆಂದರೆ, ಕಣ್ಣು ಬೀಳುವುದಕ್ಕೆ ಕೊನೆಗೂ ಒಬ್ಬರು ಸಿಕ್ಕರಲ್ಲ ಎಂಬಂತಿತ್ತು.

‘ಒಂದು ಅಂಗಡಿಯಿಂದ ಒಂದು ರಸ್ತೆ ಆಗೋದಿಲ್ಲ ಸ್ವಾಮಿಗಳೇ’ ಎಂದು ಅಧ್ಯಕ್ಷರು ನನ್ನ ಕಡೆ ಬಾಗಿ ಹೇಳಿದರು. ಅವರಿಗೂ ಬೇಜಾರಾಗಿತ್ತೋ ಏನೋ. ಸಂಕೀರ್ಣವೇ ಸರಿ ಎಂದು ನಿರ್ಧಾರವಾಯಿತು. ವ್ಯಾಪಾರ ನಡೆಯುತ್ತಿರುವ ಒಬ್ಬರಿಗೆ ಮೊದಲ ಮಳಿಗೆ ಕೊಡುವುದು, ಅದು ಲೈಸೆನ್ಸು ಇದ್ದವರ ಹೆಸರಿಗೆ ಎಂದು ಸುನೀಲ್ ಕುಮಾರ್ ಬರೆದುಕೊಂಡ. ಕಟ್ಟಡಕ್ಕೆ ಇನ್ನೂ ಒಂದೆರಡು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಯಾರೂ ಎದ್ದು ಹೋಗಬೇಕಾಗಿಲ್ಲ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಜೀಪು ಬರಲು ಹೊತ್ತಿತ್ತು. ನೀಲಾವತಿಯ ಅಂಗಡಿಯ ಕಡೆ ಹೋಗಲು ಕಾಲು ಏಳುತ್ತಿರಲಿಲ್ಲ, ಹೋಗದೆ ಇರಲೂ ಆಗಲಿಲ್ಲ. ನಾನು ಹೋಗುವ ಹೊತ್ತಿಗೆ ಚೆಲುವಯ್ಯ ಅಲ್ಲಿದ್ದ. ಟಾರ್ಪಾಲುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದ. ಕಿರುಚಾಟವಿಲ್ಲ, ಬೈಗುಳವಿಲ್ಲ.

‘ಇಷ್ಟ್ ದಿನ ಕಷ್ಟ ಕಷ್ಟ ಅಂತಿದ್ಯಲ್ಲ ನೀಲವ್ವ’ ಎಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ‘ನಾನು ಪಾಪ ಅಂತ ದುಡ್ಡು ಕೊಟ್ಟೋಯ್ತಿದ್ದಿ.’

‘ಅದ ಮಡಗಿವ್ನಿ ಬಾವ. ಕೊಟ್ಬುಡ್ತೀನಿ.’

‘ಬ್ಯಾಡ ಬುಡವ್ವ. ಇನ್ಮ್ಯಾಲೆ ನೀನ್ಯಾಕ ಬಿಸ್ಲಲ್ಲಿ ಕೂರ್ಬೇಕು? ಸೋಮ್ವಾರ್ದಿಂದ ನಮ್ ಐದ ಬಂದು ಕುಂತ್ಕತಾನ. ಮಳ್ಗೆನೂ ನಮ್ ಎಸ್ರಿಗೇ ಬತ್ತದಂತಲ್ಲ. ನೀನು ಊರ್ಗ ಬಂದ್ಬುಡು, ನಮ್ಮನೇಲಿ ಅಕ್ಕನ್ ಜೊತ ಇರುವಂತೆ.’

ನಾನು ಬಾಯಿ ಹಾಕಿದೆ. ‘ನೋಡಪ್ಪ ಚೆಲುವಯ್ಯ, ಈ ಅಂಗಡಿ ನಡೆದದ್ದು ಇವಳ ಕೈಯಿಂದ. ಇವಳನ್ನೇ ಬಿಡು. ನ್ಯಾಯವಾಗಿ ಇವಳದ್ದೇ.’

‘ಲೈಸೆನ್ಸು ನಂದಲ್ವಾ ಬುದ್ದಿ’ ಎಂದ. ಕೊಂಕೇನೂ ಇರಲಿಲ್ಲ, ನನಗೆ ಗೊತ್ತಿಲ್ಲವೇನೋ ಎಂದು ತಿಳಿಸಿದ ಹಾಗಿತ್ತು.

ನೀಲಾವತಿ ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಮುಂದೆ ಇಟ್ಟಳು. ಅವಳು ಅಳಲಿಲ್ಲ.

‘ಯಾಕಮ್ಮ ಎದ್ದು ಹೇಳಿದೆ? ಬೇಡ ಅಂದಿದ್ದೆನಲ್ಲ’ ಎಂದೆ.

‘ಸುಮ್ನಿದ್ರೆ ಬೀದಿನೇ ಓಯ್ತಿತ್ತು ಸಾ, ಅದ್ರ ಜೊತ ನಂದೂ ಓಯ್ತಿತ್ತು. ನಂದು ಎಂಗಿದ್ರೂ ಓಗದೇಯ. ನಾನು ಯೋಳಿದ್ರೆ ಇವ್ರೂ ಯೋಳ್ತಾರ, ಬೀದಿನಾರ ಉಳೀತದ ಅನ್ಕಂಡಿ.’ ಅವಳು ಸಿದ್ದಯ್ಯನ ಅಂಗಡಿಯ ಕಡೆ ನೋಡಿದಳು. ಅಲ್ಲಿ ಎಂದಿನಂತೆ ಗಿರಾಕಿಗಳು ತುಂಬಿದ್ದರು. ‘ಅವ್ರ ಮ್ಯಾಲ ಸಿಟ್ಟು ಮಾಡ್ಬೇಡಿ. ನಂಗ ಬಾಯಿ ಬಂತು, ಅವ್ರಿಗ ಬರ್ನಿಲ್ಲ.’

ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ.

ಅವಳು ಬಾವನ ಕಡೆ ತಿರುಗಿದಳು. ‘ನಿಮ್ಮ್ ಐದನ್ಗ ದಬ್ಬಣ ಇಡ್ಯಾಕ ಬತ್ತದ?’

ಚೆಲುವಯ್ಯ ಯೋಚಿಸಿದ. ‘ಕಲ್ತ್ಕತಾನ.’

‘ಕಲ್ತ್ಕಳಗಂಟ ಲಾರಿ ನಿಂತದ? ಕೂಲಿಗ ಆಳು ಬೇಕು ತಾನೆ, ನಾನೇ ಬತ್ತೀನಿ. ಮಾನಸನ್ ಓದು ಮುಗಿಯಗಂಟ.’

‘ಮನೆಯೋರ್ಗ ಎಂಥ ಕೂಲಿಯವ್ವ’ ಎಂದು ಚೆಲುವಯ್ಯ ನಾಚಿಕೊಂಡ.

‘ಇಲ್ಲ ಬಾವ, ಕೂಲಿನೇ ಆಗ್ಲಿ. ಎಷ್ಟು ಅಂತ ಈಗ್ಲೇ ಆಗೋಗ್ಲಿ. ಇವ್ರು ದೊಡ್ಡೋರು, ಸರ್ಕಾರ್ದೋರೇ ಇವ್ರ ಕೇಳ್ತಾರ. ಇವ್ರೇ ಯೋಳ್ಲಿ.’

ಇಬ್ಬರೂ ನನ್ನ ಮುಖ ನೋಡಿದರು. ರಸ್ತೆಯಲ್ಲಿ ಜೀಪು ಬಂದು ನಿಂತು ಹಾರನ್ ಹೊಡೆಯಿತು. ಅಂಗಳದಲ್ಲಿ ಒಬ್ಬ ಡ್ರೈವರ್ ತನ್ನ ಟಾರ್ಪಾಲು ಎತ್ತಿಕೊಂಡು, ‘ಚೇಚಿ, ವೇಗಂ’ ಎನ್ನುತ್ತಿದ್ದ. ಮಂಡಿಯಲ್ಲಿ ಗಂಡಾಳಿಗೆ ಏನು ಕೂಲಿ ಇದೆಯೋ ಅದರ ಮೇಲೆ ಅರ್ಧ ಸೇರಿಸಿ ಹೇಳಿದೆ. ಇನ್ನೂ ಹೆಚ್ಚು ಹೇಳಬೇಕಿತ್ತೇನೋ.

‘ಆಗ್ಲಿ ಬುದ್ದಿ’ ಎಂದ ಚೆಲುವಯ್ಯ, ಎರಡು ಕೈಯನ್ನೂ ಜೋಡಿಸಿ. ‘ನೀವು ಯೋಳಿದ್ ಮ್ಯಾಲ ಎಲ್ಡ್ ಮಾತಿಲ್ಲ.’

ನಾನು ಕೊಟ್ಟ ಸಲಹೆಯನ್ನು ಇಷ್ಟು ಬೇಗ, ಇಷ್ಟು ಮರ್ಯಾದೆಯಿಂದ ಯಾರೂ ಒಪ್ಪಿಕೊಂಡಿರಲಿಲ್ಲ. ನೀಲಾವತಿ ಡ್ರೈವರನ ಟಾರ್ಪಾಲು ಇಸಿದುಕೊಂಡು ನೆಲದ ಮೇಲೆ ಹರಡಿದಳು, ಹರಿದ ಜಾಗ ಹುಡುಕಿಕೊಂಡು ಕೂತಳು, ತನ್ನ ಅಂಗಡಿಯಲ್ಲಿ ಕೂಲಿಗೆ ಸೇರಿದಳು.